ಎಣ್ಣೆ ಕಲಬೆರಕೆ: ಕೇಸ್ ಹಾಕುವವರಿಗೂ ಕೇಸ್ ಹಾಕಿಸಿಕೊಂಡವರಿಗೂ

ಈ ತಿಂಗಳು ಬಂದ ಪತ್ರಗಳಲ್ಲಿ ಎಣ್ಣೆಯ ಬಗ್ಗೆಯೇ ಜಾಸ್ತಿ. ಹಬ್ಬದ ಸಾಲು ಈಗಷ್ಟೇ ಮುಗಿದಿದೆ, ಎಲ್ಲರ ಮನೆಯಲ್ಲೂ ಬಾಣಲೆ ಒಲೆ ಮೇಲೆ ಕೂತಿತ್ತು ಅಲ್ವಾ? ನಾನು ಮೂವತ್ತೊಂದು ವರ್ಷ ಸರ್ಕಾರಿ ಆಹಾರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಕೊನೆಯ ಹತ್ತು ವರ್ಷ ವರದಿಗೆ ಸಹಿ ಹಾಕುವ ಆಹಾರ ವಿಶ್ಲೇಷಕಿಯಾಗಿದ್ದೆ. ನನ್ನ ಕೈಯಲ್ಲಿ ಹಾದುಹೋದ ಬಾಟಲಿಗಳಲ್ಲಿ ಎಣ್ಣೆಯದೇ ದೊಡ್ಡ ಪಾಲು. ಅದಕ್ಕೇ ಈ ಸಲದ ಅಂಕಣ ಪೂರ್ತಿ ಎಣ್ಣೆಗೇ ಮೀಸಲು.

ಪ್ರಶ್ನೆ: ಮೇಡಂ, ಗೌರಿ ಹಬ್ಬಕ್ಕೆ ನಮ್ಮ ಬೀದಿ ಅಂಗಡಿಯಿಂದ ಬಿಡಿಯಾಗಿ ಐದು ಲೀಟರ್ ಕಡಲೆಕಾಯಿ ಎಣ್ಣೆ ತಂದೆ. ಕರ್ಜಿಕಾಯಿ ಬಿಡುತ್ತಿದ್ದ ಹಾಗೆ ನೊರೆ ಉಕ್ಕಿ ಬಂತು. ಕಡಲೆಕಾಯಿ ಘಮವೇ ಇಲ್ಲ. ತಿಂದ ಮಕ್ಕಳಿಗೆ ರಾತ್ರಿಯೆಲ್ಲ ವಾಂತಿ. ಅಂಗಡಿಯವರನ್ನು ಕೇಳಿದರೆ ‘ನಮ್ಮಲ್ಲಿ ತಗೊಂಡಿದ್ದು ಅಂತ ಏನು ಗ್ಯಾರಂಟಿ’ ಅಂತಾರೆ. ಬಿಲ್ ಕೊಟ್ಟಿಲ್ಲ. ಇವರ ಮೇಲೆ ಕೇಸ್ ಹಾಕೋಕೆ ಆಗುತ್ತಾ?
— ಒಬ್ಬ ಗೃಹಿಣಿ, ತುಮಕೂರು

ಉತ್ತರ: ಆಗುತ್ತದೆ ಅಮ್ಮ. ಆದರೆ ನಿಮ್ಮ ಮನೆಯಲ್ಲಿ ಉಳಿದಿರುವ ಎಣ್ಣೆಯಿಂದ ಅಲ್ಲ, ಅವರ ಅಂಗಡಿಯಲ್ಲಿ ಇರುವ ಎಣ್ಣೆಯಿಂದ. ನಿಮ್ಮ ಡಬ್ಬದ ಎಣ್ಣೆ ಅವರದೇ ಅಂತ ತೋರಿಸಲು ಈಗ ನಿಮ್ಮ ಹತ್ತಿರ ಏನೂ ಇಲ್ಲ. ಅದನ್ನು ಚೆಲ್ಲಬೇಡಿ, ಮುಚ್ಚಿ ತಣ್ಣಗಿರುವ ಕಡೆ ಇಡಿ. ಮಕ್ಕಳನ್ನು ತೋರಿಸಿದ ಡಾಕ್ಟರ ಚೀಟಿಯನ್ನೂ ಜೋಪಾನ ಮಾಡಿ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ನೊರೆ ಬಂತು ಅಂದ ಮಾತ್ರಕ್ಕೆ ಕಲಬೆರಕೆ ಎನ್ನಲಾಗದು. ಎಣ್ಣೆಯಲ್ಲಿ ನೀರಿನ ಪಸೆ ಇದ್ದರೂ ನೊರೆ ಬರುತ್ತದೆ, ಒಮ್ಮೆ ಕರಿದ ಎಣ್ಣೆ ಸೇರಿಸಿದ್ದರೂ ಬರುತ್ತದೆ. ಏನು ಅಂತ ಹೇಳಬೇಕಾದ್ದು ಪ್ರಯೋಗಾಲಯ.

ಈಗ ಮಾಡಬೇಕಾದ್ದು ಕೇಳಿ. ನಿಮ್ಮ ಜಿಲ್ಲೆಯಲ್ಲಿ ಆಹಾರ ಸುರಕ್ಷತೆಯ ಅಂಕಿತ ಅಧಿಕಾರಿ ಇರುತ್ತಾರೆ, ಅವರ ಕೈಕೆಳಗೆ ಆಹಾರ ಸುರಕ್ಷತಾ ಅಧಿಕಾರಿಗಳು ಇರುತ್ತಾರೆ. ಅಂಕಿತ ಅಧಿಕಾರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಹೋಗಲು ಆಗದಿದ್ದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಸಹಾಯವಾಣಿ 1800-112-100ಕ್ಕೆ ಫೋನ್ ಮಾಡಿ, ಅಥವಾ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಹಾಕಿ. ದೂರಿನಲ್ಲಿ ‘ಬಿಡಿ ಎಣ್ಣೆ ಮಾರುತ್ತಿದ್ದಾರೆ’ ಅನ್ನುವ ಮಾತು ಇರಲೇಬೇಕು. ಖಾದ್ಯ ತೈಲವನ್ನು ಪ್ಯಾಕ್ ಮಾಡದೆ, ಲೇಬಲ್ ಇಲ್ಲದೆ ಅಳೆದು ಮಾರುವುದಕ್ಕೆ ನಿಷೇಧ ಇದೆ. ಸರ್ಕಾರ ವಿನಾಯಿತಿ ಕೊಟ್ಟ ಕಡೆ ಮಾತ್ರ ಬೇರೆ ಮಾತು. ಅಂದರೆ ಎಣ್ಣೆ ಶುದ್ಧವಾಗಿದ್ದರೂ ಅಂಗಡಿಯವರು ಉತ್ತರ ಕೊಡಬೇಕಾಗುತ್ತದೆ.

ದೂರಿನ ಸುದ್ದಿ ಅಂಗಡಿಗೆ ಹೋಗದಿರಲಿ. ಬೀದಿಯಲ್ಲಿ ಜಗಳ ಆದ ಸಂಜೆಯೇ ಎಣ್ಣೆ ಡ್ರಮ್ ಹಿಂದಿನ ಬಾಗಿಲಿನಿಂದ ಹೋಗಿಬಿಡುತ್ತದೆ. ಅಧಿಕಾರಿ ಬರುವಷ್ಟರಲ್ಲಿ ಕಪಾಟಿನಲ್ಲಿ ಬರೀ ಪ್ಯಾಕೆಟ್ ಇರುತ್ತವೆ.

ಇನ್ನೊಂದು ದಾರಿಯೂ ಇದೆ, ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ 40ನೇ ಸೆಕ್ಷನ್ ಪ್ರಕಾರ ಗ್ರಾಹಕರೇ ತಾವು ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ‘ಇದನ್ನು ಪರೀಕ್ಷೆಗೆ ಕಳಿಸುತ್ತೇನೆ’ ಅಂತ ಅಂಗಡಿಯವರಿಗೆ ತಿಳಿಸಬೇಕು, ಅಷ್ಟೇ. ಎಣ್ಣೆ ಕೆಟ್ಟದ್ದು ಅಂತ ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ. ವರದಿ ಅಂಕಿತ ಅಧಿಕಾರಿಗೂ ಹೋಗುತ್ತದೆ, ಅಲ್ಲಿಂದ ಕೇಸ್ ಶುರು. ಇದಕ್ಕೆ ಹೊರಟರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಬಿಲ್ ಕೇಳಿ ಪಡೆಯಿರಿ. ಪೊಟ್ಟಣದ ಕಾಗದದ ಮೇಲೆ ಬರೆದುಕೊಟ್ಟರೂ ಪರವಾಗಿಲ್ಲ. ಅಂಗಡಿ ಹೆಸರು, ತಾರೀಕು, ‘ಕಡಲೆಕಾಯಿ ಎಣ್ಣೆ’ ಎಂಬ ಪದ, ಸಹಿ ಇರಲಿ.

ಅಧಿಕಾರಿ ಬಂದು ಸ್ಯಾಂಪಲ್ ತೆಗೆದರೆ ಅದನ್ನು ನಾಲ್ಕು ಭಾಗ ಮಾಡುತ್ತಾರೆ. 2011ಕ್ಕೆ ಮುಂಚಿನ ಹಳೆಯ ಕಾಯ್ದೆಯಲ್ಲಿ ಮೂರಿತ್ತು. ಒಂದು ಪ್ರಯೋಗಾಲಯಕ್ಕೆ, ಎರಡು ಅಂಕಿತ ಅಧಿಕಾರಿಯ ಸುಪರ್ದಿಗೆ. ನಾಲ್ಕನೆಯದನ್ನು ಅಂಗಡಿಯವರು ಕೇಳಿದರೆ ಮಾನ್ಯತೆ ಇರುವ ಬೇರೆ ಪ್ರಯೋಗಾಲಯಕ್ಕೆ ಕಳಿಸಬೇಕು. ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು.

ಕೇಸ್ ನಿಲ್ಲುವುದೋ ಬೀಳುವುದೋ ಸ್ಯಾಂಪಲ್ ತೆಗೆದ ಆ ಅರ್ಧ ಗಂಟೆಯಲ್ಲೇ ತೀರ್ಮಾನ ಆಗಿಬಿಡುತ್ತದೆ. ಬಾಟಲಿಯ ಮೇಲೆ ಒತ್ತಿದ ಅರಗಿನ ಮುದ್ರೆಯ ಒಂದು ಮಾದರಿಯನ್ನು ಅಧಿಕಾರಿ ನಮಗೆ ಬೇರೆಯಾಗಿ ಕಳಿಸುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಯೇ ನಾವು ಬಾಟಲಿ ಬಿಚ್ಚಬೇಕು. ಒಂದು ಮೇ ತಿಂಗಳಲ್ಲಿ ಬಂದ ಪಾರ್ಸೆಲ್ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಸಿಲಿಗೆ ಅರಗು ಕರಗಿ, ಮುದ್ರೆಯ ಅಕ್ಷರ ಹರಡಿ ಕೆಂಪು ಮುದ್ದೆಯಾಗಿತ್ತು. ಒಳಗಿದ್ದ ಎಣ್ಣೆಯ ಬಣ್ಣ ನೋಡಿದರೆ ನನಗೆ ಅನುಮಾನ. ಆದರೂ ‘ಮುದ್ರೆ ತಾಳೆಯಾಗುತ್ತಿಲ್ಲ, ಪರೀಕ್ಷೆಗೆ ಯೋಗ್ಯವಲ್ಲ’ ಅಂತಲೇ ಬರೆಯಬೇಕಾಯಿತು. ಹಾಗೆ ಬರೆಯುವಾಗ ಕೈ ಭಾರವಾಗಿತ್ತು. ನೀವು ಸ್ಥಳದಲ್ಲಿ ಇದ್ದರೆ, ಬಾಟಲಿ ಒಣಗಿದೆಯೇ, ಮುದ್ರೆ ಸ್ಪಷ್ಟವಾಗಿದೆಯೇ ಅಂತ ವಿನಯದಿಂದಲೇ ಕೇಳಿ. ಒಳ್ಳೆಯ ಅಧಿಕಾರಿಗೆ ಅದರಿಂದ ಬೇಜಾರಾಗುವುದಿಲ್ಲ.

ಪ್ರಶ್ನೆ: ಕಡಲೆಕಾಯಿ ಎಣ್ಣೆಗೆ ಬೇರೆ ಎಣ್ಣೆ ಬೆರೆಸಿದ್ದಾರೆ ಅಂತ ಲ್ಯಾಬ್‌ನಲ್ಲಿ ಹೇಗೆ ಕಂಡುಹಿಡಿಯುತ್ತೀರಿ? ಎಲ್ಲಾ ಎಣ್ಣೆಯೂ ಹಳದಿಯೇ ಅಲ್ವಾ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಚಳ್ಳಕೆರೆ

ಉತ್ತರ: ಎಣ್ಣೆ ಗಿರಣಿಗಳ ಊರಿನಿಂದಲೇ ಈ ಪ್ರಶ್ನೆ ಬಂದದ್ದು ಖುಷಿ. ನನಗೆ ಬಹಳ ಇಷ್ಟವಾದ ಪರೀಕ್ಷೆ ಬೆಲ್ಲಿಯರ್ ಪರೀಕ್ಷೆ. ಒಂದು ಮಿಲಿಲೀಟರ್ ಎಣ್ಣೆ ಸಾಕು. ಅದನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿದ ಪೊಟ್ಯಾಶ್ ಜೊತೆ ಕುದಿಯುವ ನೀರಿನ ಮೇಲೆ ಇಟ್ಟು ಸಾಬೂನು ಮಾಡುತ್ತೇವೆ. ಆಮೇಲೆ ಅಸಿಟಿಕ್ ಆ್ಯಸಿಡ್, ಮತ್ತೆ ಎಪ್ಪತ್ತು ಪರ್ಸೆಂಟ್ ಆಲ್ಕೋಹಾಲ್. ಬಿಸಿ ಮಾಡಿದರೆ ನೀರಿನ ಹಾಗೆ ತಿಳಿಯಾಗುತ್ತದೆ. ಥರ್ಮಾಮೀಟರ್ ಒಳಗೇ ಇರುತ್ತದೆ. ಫ್ಲಾಸ್ಕನ್ನು ಮೆಲ್ಲಗೆ ಅಲ್ಲಾಡಿಸುತ್ತಾ ತಣಿಸಬೇಕು, ಕಣ್ಣು ಕೀಳಬಾರದು. ಐವತ್ತು, ನಲವತ್ತೈದು, ನಲವತ್ತೆರಡು. ಶುದ್ಧ ಕಡಲೆಕಾಯಿ ಎಣ್ಣೆಯಾದರೆ 39ರಿಂದ 41 ಡಿಗ್ರಿಯ ನಡುವೆ, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಮಬ್ಬು ಏಳುತ್ತದೆ. ಕಡಲೆಕಾಯಿಯಲ್ಲಿ ಮಾತ್ರ ಜಾಸ್ತಿ ಇರುವ ಕೆಲವು ಉದ್ದನೆಯ ಕೊಬ್ಬಿನಾಮ್ಲಗಳು ಅಲ್ಲಿ ಹೆಪ್ಪುಗಟ್ಟಲು ಶುರುಮಾಡುತ್ತವೆ. ಹತ್ತಿಬೀಜದ ಎಣ್ಣೆಯೋ ಸೂರ್ಯಕಾಂತಿ ಎಣ್ಣೆಯೋ ಬೆರೆತಿದ್ದರೆ 39 ದಾಟಿದರೂ ತಿಳಿಯಾಗಿಯೇ ಇರುತ್ತದೆ. ಆಗ ಪಕ್ಕದಲ್ಲಿದ್ದವರನ್ನು ಕರೆದು ತೋರಿಸಿ, ಇನ್ನೊಮ್ಮೆ ಮಾಡುತ್ತೇವೆ.

ಪಾಮೋಲಿನ್ ಬೆರೆಸಿದ್ದರೆ ಇದೊಂದೇ ಸಾಲದು. ಅದಕ್ಕೆ ಅಯೋಡಿನ್ ಮೌಲ್ಯ, ಅಂದರೆ ಎಣ್ಣೆ ಎಷ್ಟು ಅಯೋಡಿನ್ ಹೀರಿಕೊಳ್ಳುತ್ತದೆ ಅನ್ನುವ ಲೆಕ್ಕ ನೋಡುತ್ತೇವೆ. ಕಡಲೆಕಾಯಿ ಎಣ್ಣೆಗೆ ಅದು 85ರಿಂದ 99, ಪಾಮೋಲಿನ್‌ಗೆ ಸುಮಾರು 54ರಿಂದ 62. ಬೆರೆಸಿದಷ್ಟೂ ಸಂಖ್ಯೆ ಇಳಿಯುತ್ತದೆ. ಈಗ ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರ ಕೊಬ್ಬಿನಾಮ್ಲಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತದೆ, ಕೆಲಸ ಎಷ್ಟೋ ಹಗುರವಾಗಿದೆ.

ಪ್ರಶ್ನೆ: ಮೇಡಂ, ನಂದು ಸಣ್ಣ ಕಿರಾಣಿ ಅಂಗಡಿ. ಹೋಲ್‌ಸೇಲ್‌ನವರಿಂದ ತಂದ ಶೇಂಗಾ ಎಣ್ಣೆ ಡಬ್ಬಿಯಿಂದ ಸ್ಯಾಂಪಲ್ ತೆಗೆದುಕೊಂಡು ಹೋದ್ರು. ಈಗ ‘ಸಬ್ ಸ್ಟ್ಯಾಂಡರ್ಡ್’ ಅಂತ ವರದಿ ಬಂದಿದೆ. ಐದು ಲಕ್ಷದವರೆಗೆ ದಂಡ ಬೀಳಬಹುದು ಅಂತಾರ. ಎಣ್ಣೆ ನಾನು ಮಾಡಿದ್ದಲ್ಲ, ಬೆರೆಸಿದ್ದೂ ಅಲ್ಲ. ಬೆರೆಸಿದವ ಆರಾಮ ಅದಾನ, ನನ್ನ ಮೇಲೆ ಯಾಕ್ರಿ ಕೇಸು?
— ಒಬ್ಬ ವ್ಯಾಪಾರಿ, ಗದಗ ಜಿಲ್ಲೆ

ಉತ್ತರ: ಅಣ್ಣಾ, ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಸಂಕಟ ನಿಜ. ನಾನು ಸಹಿ ಹಾಕಿದ ಎಷ್ಟೋ ವರದಿಗಳು ಕೊನೆಗೆ ಇಂಥ ಸಣ್ಣ ಅಂಗಡಿಯ ಬಾಗಿಲಿಗೇ ಹೋಗಿ ನಿಂತವು, ಗಿರಣಿಯವರೆಗೆ ಹತ್ತಲೇ ಇಲ್ಲ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಮೊದಲು ತಾರೀಕು ನೋಡಿ. ವಿಶ್ಲೇಷಕರ ವರದಿ ನಿಮ್ಮ ಕೈಸೇರಿ ಎಷ್ಟು ದಿನವಾಯಿತು? 30 ದಿನದ ಒಳಗೆ ಅಂಕಿತ ಅಧಿಕಾರಿಗೆ ಮೇಲ್ಮನವಿ ಕೊಡಬಹುದು. ಅವರು ಒಪ್ಪಿದರೆ ಇಟ್ಟುಕೊಂಡ ಭಾಗವನ್ನು ರೆಫರಲ್ ಪ್ರಯೋಗಾಲಯಕ್ಕೆ, ಅಂದರೆ ಮತ್ತೊಮ್ಮೆ ಪರೀಕ್ಷಿಸುವ ಮೇಲಿನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕೇಂದ್ರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಮೈಸೂರಿನ ಸಿಎಫ್‌ಟಿಆರ್‌ಐ ಅಂಥದ್ದೊಂದು. ಅಲ್ಲಿಂದ ಬಂದ ಫಲಿತಾಂಶವೇ ಕೊನೆಯದು. ಬಹಳ ಜನ ‘ವಕೀಲರನ್ನು ನೋಡೋಣ, ಹಬ್ಬ ಮುಗಿಯಲಿ’ ಅಂತ ಈ 30 ದಿನ ಕಳೆದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ.

ಎರಡನೆಯದು ಬಿಲ್. ಹೋಲ್‌ಸೇಲ್‌ನವರು ಕೊಟ್ಟ ಬಿಲ್ಲನ್ನು ಕಾಯ್ದೆ ಬರೀ ದುಡ್ಡಿನ ರಸೀದಿ ಅಂತ ನೋಡುವುದಿಲ್ಲ. ‘ನಾನು ಕೊಟ್ಟ ಸರಕು ಸರಿಯಾಗಿದೆ’ ಅಂತ ಮಾರಿದವರು ಬರೆದುಕೊಟ್ಟ ಗ್ಯಾರಂಟಿ ಅಂತ ಪರಿಗಣಿಸುತ್ತದೆ. ಆ ಬಿಲ್ಲಿನಲ್ಲಿ ಅವರ 14 ಅಂಕಿಯ ಲೈಸೆನ್ಸ್ ನಂಬರ್, ಎಣ್ಣೆಯ ಹೆಸರು, ಬ್ಯಾಚ್ ನಂಬರ್ ಇದ್ದರೆ ಕೇಸ್ ನಿಮ್ಮನ್ನು ದಾಟಿ ಮೇಲಕ್ಕೆ ಹೋಗಲು ದಾರಿಯಾಗುತ್ತದೆ. ಸ್ಯಾಂಪಲ್ ತೆಗೆದಾಗ ಡಬ್ಬಿ ಸೀಲ್ ಒಡೆಯದೆ ಇತ್ತೇ? ಮಹಜರಿನಲ್ಲಿ ಹಾಗೆ ಬರೆದಿದೆಯೇ ನೋಡಿ. ಸೀಲ್ ಇದ್ದ ಡಬ್ಬಿಯಾದರೆ ನಿಮ್ಮ ಮಾತಿಗೆ ಬಲ ಬಂತು. ಒಡೆದು ಅಳೆದು ಮಾರುತ್ತಿದ್ದ ಡಬ್ಬಿಯಾದರೆ ಕಷ್ಟ. ಒಳಗೆ ಏನು ಬಿತ್ತು, ಯಾರು ಹಾಕಿದರು ಅನ್ನುವುದಕ್ಕೆ ನೀವೇ ಉತ್ತರ ಕೊಡಬೇಕಾಗುತ್ತದೆ.

ನಿಮ್ಮ ವಿಚಾರಣೆ ಕೋರ್ಟಿನಲ್ಲಿ ಅಲ್ಲ, ಅಪರ ಜಿಲ್ಲಾಧಿಕಾರಿಗಳ ಮುಂದೆ. ಐದು ಲಕ್ಷ ಅನ್ನುವುದು ಗರಿಷ್ಠ ಮಿತಿ. ಎಷ್ಟು ಲಾಭ ಮಾಡಿಕೊಂಡಿರಿ, ಇದು ಎಷ್ಟನೇ ಸಲ, ಗೊತ್ತಿದ್ದು ಮಾಡಿದಿರಾ ಗೊತ್ತಿಲ್ಲದೆಯಾ, ಇದೆಲ್ಲ ನೋಡಿಯೇ ದಂಡ ನಿರ್ಧಾರ ಮಾಡಬೇಕು ಅಂತ ಕಾಯ್ದೆಯಲ್ಲೇ ಇದೆ. ನೋಟಿಸ್ ಬಂದ ದಿನ ತಪ್ಪದೆ ಹೋಗಿ, ಬಿಲ್ಲುಗಳ ಫೈಲ್ ಜೊತೆಗೆ ಒಯ್ಯಿರಿ. ಆದೇಶ ಸರಿಯಿಲ್ಲ ಅನ್ನಿಸಿದರೆ 30 ದಿನದಲ್ಲಿ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಸುಮ್ನೆ ಕೂತರೆ ದಂಡವನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡುತ್ತಾರೆ, ಕಟ್ಟುವವರೆಗೆ ಲೈಸೆನ್ಸೂ ಅಮಾನತು.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಆ ಡಬ್ಬಿ ಪೇಟೆ ರೇಟಿಗಿಂತ ಬಹಳ ಅಗ್ಗಕ್ಕೆ ಸಿಕ್ಕಿತ್ತೇ? ಬಿಲ್ ಬೇಡ ಅಂದರೆ ಇನ್ನೂ ಕಡಿಮೆ ಮಾಡಿಕೊಡುತ್ತೇನೆ ಅಂದಿದ್ದರೇ? ಹಾಗೆ ಅಂದವರ ಹತ್ತಿರ ಇನ್ನು ಮುಂದೆ ಹೋಗಬೇಡಿ. ತುಕ್ಕು ಹಿಡಿದ, ಬೇರೆ ಲೇಬಲ್‌ನ ಗೋಂದು ಉಳಿದಿರುವ ಡಬ್ಬಿ ಬಂದರೆ ಇಳಿಸಿಕೊಳ್ಳಲೇಬೇಡಿ. ಒಮ್ಮೆ ಬಳಸಿದ ತಗಡಿನ ಡಬ್ಬಿಯಲ್ಲಿ ಮತ್ತೆ ಖಾದ್ಯ ತೈಲ ತುಂಬುವ ಹಾಗಿಲ್ಲ.

ಪ್ರಶ್ನೆ: ಕಲಬೆರಕೆ ಮಾಡಿದವರಿಗೆ ದಂಡ ಹಾಕಿ ಬಿಟ್ಟುಬಿಡುತ್ತಾರೆ. ಜೈಲಿಗೆ ಯಾಕೆ ಹಾಕುವುದಿಲ್ಲ? ಮೊದಲು ಕಾನೂನು ಬಿಗಿಯಾಗಿತ್ತಂತೆ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ಕಾಗದದ ಮೇಲೆ ಬಿಗಿ ಇತ್ತು, ನಿಜ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯಲ್ಲಿ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಜೈಲು. ಕಡಲೆಕಾಯಿ ಎಣ್ಣೆಗೆ ಇನ್ನೊಂದು ಖಾದ್ಯ ತೈಲ ಬೆರೆಸಿದರೂ ಅದೇ, ವಿಷ ಬೆರೆಸಿದರೂ ಅದೇ ಕಟಕಟೆ. ಹಾಗಾಗಿ ಒಂದೊಂದು ಕೂದಲೆಳೆ ತಪ್ಪಿಗೂ ಕೇಸ್ ಬೀಳುತ್ತಿತ್ತು. ಒಂದು ತಾಲ್ಲೂಕು ಕೋರ್ಟಿನಲ್ಲಿ ಎಳ್ಳೆಣ್ಣೆ ಕೇಸಿಗೆ ಸಾಕ್ಷಿ ಹೇಳಲು ಹೋಗಿದ್ದೆ. ಸ್ಯಾಂಪಲ್ ತೆಗೆದು ಐದು ವರ್ಷ ಆಗಿತ್ತು. ಪರೀಕ್ಷೆಯ ಬಗ್ಗೆ ಗಂಟೆಗಟ್ಟಲೆ ಓದಿಕೊಂಡು ಹೋಗಿದ್ದೆ. ಎದುರು ವಕೀಲರು ಅದನ್ನು ಮುಟ್ಟಲೇ ಇಲ್ಲ. ‘ಬಾಟಲಿ ಸ್ವಚ್ಛವಾಗಿ ಒಣಗಿತ್ತು ಅಂತ ಮಹಜರಿನಲ್ಲಿ ಎಲ್ಲಿ ಬರೆದಿದೆ, ತೋರಿಸಿ’ ಅಂದರು. ಬರೆದಿರಲಿಲ್ಲ. ಕೇಸ್ ಬಿದ್ದುಹೋಯಿತು. ಆ ವ್ಯಾಪಾರಿ ಹೊರಗೆ ಬಂದು ನನಗೆ ನಮಸ್ಕಾರ ಹೇಳಿ ಹೋದರು. ನಾನು ಬಸ್ ಸ್ಟ್ಯಾಂಡಿನವರೆಗೆ ಒಂದೂ ಮಾತಾಡದೆ ನಡೆದೆ.

2011ರ ಆಗಸ್ಟ್ 5ರಿಂದ ಹೊಸ ಕಾಯ್ದೆ, ಮೇಲೆ ಹೇಳಿದ 2006ರದ್ದು, ಜಾರಿಗೆ ಬಂತು. ಇದು ತಪ್ಪುಗಳನ್ನು ಬೇರ್ಪಡಿಸಿತು. ಗುಣಮಟ್ಟ ಕಡಿಮೆ ಇದ್ದರೆ ಐದು ಲಕ್ಷದವರೆಗೆ, ಲೇಬಲ್ ಸುಳ್ಳಾದರೆ ಮೂರು ಲಕ್ಷದವರೆಗೆ ದಂಡ. ಇವೆರಡಕ್ಕೂ ಜೈಲಿಲ್ಲ. ಆರೋಗ್ಯಕ್ಕೆ ಹಾನಿ ಮಾಡುವ ‘ಅಸುರಕ್ಷಿತ ಆಹಾರ’ ಆದರೆ ಮಾತ್ರ 59ನೇ ಸೆಕ್ಷನ್, ಕೋರ್ಟು, ಜೈಲು. ತೀವ್ರ ಗಾಯವಾದರೆ ಆರು ವರ್ಷದವರೆಗೆ. ಜೀವ ಹೋದರೆ ಏಳು ವರ್ಷಕ್ಕೆ ಕಡಿಮೆಯಿಲ್ಲ, ಜೀವಾವಧಿಯವರೆಗೂ ಹೋಗಬಹುದು, ದಂಡ ಹತ್ತು ಲಕ್ಷಕ್ಕೆ ಕಡಿಮೆಯಿಲ್ಲ. ಪೊಲೀಸರು ಇದರ ಜೊತೆ ದಂಡ ಸಂಹಿತೆಯ ಕಲಬೆರಕೆ ಸೆಕ್ಷನ್‌ಗಳನ್ನೂ ಹಾಕುವ ರೂಢಿ ಇತ್ತು. ವಿಶೇಷ ಕಾಯ್ದೆ ಇರುವಾಗ ಎರಡರಲ್ಲೂ ಒಟ್ಟಿಗೆ ವಿಚಾರಣೆ ನಡೆಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು.

ಬೇರ್ಪಡಿಸಿದ್ದು ಸರಿ ಅನ್ನುವವಳು ನಾನು. ಪಾಮೋಲಿನ್ ವಿಷವಲ್ಲ, ಅದು ಮೋಸ. ಮೋಸಕ್ಕೆ ದುಡ್ಡಿನ ಪೆಟ್ಟೇ ಸರಿಯಾದದ್ದು. ಆದರೆ ಐದು ಲಕ್ಷದ ಮಿತಿ ನನಗೆ ಒಪ್ಪಿಗೆಯಿಲ್ಲ. ಸಣ್ಣ ಅಂಗಡಿಯನ್ನು ಮುಚ್ಚಿಸುವ ದುಡ್ಡು ಅದು. ದಿನಕ್ಕೆ ಟ್ಯಾಂಕರ್‌ಗಟ್ಟಲೆ ಬೆರೆಸುವವರಿಗೆ ಒಂದು ವಾರದ ಖರ್ಚು. ಬೆರೆಸಿದ ಲೀಟರಿನ ಲೆಕ್ಕದಲ್ಲಿ ದಂಡ ಹಾಕಬೇಕು. ಈಗಿರುವ ಕಾಯ್ದೆಯಲ್ಲೂ, ಕೋರ್ಟಿನಲ್ಲಿ ಒಮ್ಮೆ ಶಿಕ್ಷೆಯಾದವರು ಅದೇ ತಪ್ಪು ಮಾಡಿದರೆ ಎರಡರಷ್ಟು ಶಿಕ್ಷೆ, ಲೈಸೆನ್ಸ್ ರದ್ದು. ಅವರ ಖರ್ಚಿನಲ್ಲೇ ಅವರ ಹೆಸರನ್ನು ಪತ್ರಿಕೆಯಲ್ಲಿ ಹಾಕಿಸುವ ಅಧಿಕಾರವೂ ಕೋರ್ಟಿಗೆ ಇದೆ. ಈ ಕೊನೆಯದನ್ನು ಇನ್ನೂ ಜಾಸ್ತಿ ಬಳಸಲಿ ಅಂತ ನನ್ನ ಆಸೆ. ಇನ್ನೊಂದು, ಅಪರಾಧ ನಡೆದು ಒಂದು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಕಾರಣ ಬರೆದು ಒಪ್ಪಿದರೆ ಮೂರು ವರ್ಷ. ಕಡತ ಮೇಜಿನ ಮೇಲೇ ಮಲಗಿ ಅವಧಿ ಮೀರಿದ್ದನ್ನು ನಾನು ನೋಡಿದ್ದೇನೆ. ಅದಕ್ಕೇ ದೂರು ಕೊಟ್ಟವರು ತಿಂಗಳಿಗೊಮ್ಮೆ ಹೋಗಿ ಕೇಳುತ್ತಿರಬೇಕು.

ಪ್ರಶ್ನೆ: ಮಗಳು ಮದುವೆಯಾಗಿ ದೆಹಲಿಯಲ್ಲಿದ್ದಾಳೆ. ಅಲ್ಲಿ ಎಲ್ಲಕ್ಕೂ ಸಾಸಿವೆ ಎಣ್ಣೆ. ಹಿಂದೆ ಅದರಿಂದ ಜನ ಸತ್ತರು ಅಂತ ಕೇಳಿ ಭಯ.
— ಒಬ್ಬ ತಾಯಿ, ಧಾರವಾಡ

ಉತ್ತರ: 1998ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಆದದ್ದು ಅದು. ಅರವತ್ತಕ್ಕೂ ಹೆಚ್ಚು ಜನ ತೀರಿಕೊಂಡರು, ಸುಮಾರು ಮೂರು ಸಾವಿರ ಜನ ಕಾಯಿಲೆ ಬಿದ್ದರು. ಸಾಸಿವೆ ಎಣ್ಣೆಗೆ ಆರ್ಜಿಮೋನ್ ಬೀಜದ ಎಣ್ಣೆ ಸೇರಿತ್ತು. ಆ ಗಿಡ ನಮ್ಮಲ್ಲೂ ರಸ್ತೆ ಬದಿ, ಪಾಳು ಹೊಲದಲ್ಲಿ ಬೆಳೆಯುತ್ತದೆ. ಮುಳ್ಳು ಮುಳ್ಳಿನ ಎಲೆ, ಹಳದಿ ಹೂ, ಕಾಂಡ ಮುರಿದರೆ ಹಳದಿ ಹಾಲು. ಬೀಜ ಥೇಟ್ ಸಾಸಿವೆಯ ಹಾಗೇ ಇರುತ್ತದೆ. ಅದರಲ್ಲಿರುವ ಸ್ಯಾಂಗ್ವಿನರೀನ್ ಎಂಬ ವಿಷದಿಂದ ಕಾಲು ಊದಿಕೊಳ್ಳುತ್ತದೆ, ಉಸಿರಾಟ ಕಷ್ಟವಾಗುತ್ತದೆ, ಹೃದಯ ಸೋಲುತ್ತದೆ. ಬಿಡಿ ಎಣ್ಣೆ ಬೇಡ, ಪ್ಯಾಕ್ ಮಾಡಿಯೇ ಮಾರಬೇಕು ಎಂಬ ಕೇಂದ್ರದ ಆದೇಶ ಆ ಸಾವುಗಳ ಬೆನ್ನಿಗೇ, ಅದೇ ವರ್ಷ ಬಂತು. ಮಗಳಿಗೆ ಹೇಳಿ, ಸೀಲ್ ಇರುವ ಪ್ಯಾಕ್ ಮಾತ್ರ ತರಲಿ, ಬಿಡಿ ಎಣ್ಣೆ ಬೇಡವೇ ಬೇಡ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ಎರಡೂ ಕಾಲು ಊದಿದರೆ ಎಣ್ಣೆ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಕೊಬ್ಬರಿ ಎಣ್ಣೆಯನ್ನು ಫ್ರಿಜ್‌ನಲ್ಲಿಟ್ಟು ನೋಡಿದರೆ ಸಾಕಾ?
— ಪುತ್ತೂರು

ಉತ್ತರ: ಅನುಮಾನ ಪಡಲು ಸಾಕು, ಕೇಸಿಗೆ ಸಾಲದು. ಗಾಜಿನ ಲೋಟದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಅಲ್ಲ. ಶುದ್ಧ ಕೊಬ್ಬರಿ ಎಣ್ಣೆ ಪೂರ್ತಿ ಬೆಳ್ಳಗೆ ಗಟ್ಟಿಯಾಗುತ್ತದೆ. ಬೇರೆ ಎಣ್ಣೆ ಸೇರಿದ್ದರೆ ಮೇಲೆ ಒಂದು ಪದರ ಬೇರೆಯಾಗಿ ನಿಲ್ಲಬಹುದು. ಸ್ವಲ್ಪವೇ ಬೆರೆಸಿದ್ದರೆ ಇದರಲ್ಲಿ ಗೊತ್ತಾಗುವುದಿಲ್ಲ. ಇನ್ನು ‘ದೀಪಕ್ಕೆ ಮಾತ್ರ’ ಅಂತ ಸಣ್ಣ ಅಕ್ಷರದಲ್ಲಿ ಬರೆದ ಎಣ್ಣೆ ಅಡುಗೆ ಎಣ್ಣೆಯ ಪಕ್ಕದಲ್ಲೇ ಇಟ್ಟಿರುತ್ತಾರೆ, ನೋಡಿ ತೆಗೆದುಕೊಳ್ಳಿ.

ಪ್ರಶ್ನೆ: ಈಗ ಎಲ್ಲಾ ಕಡೆ ಮರದ ಗಾಣದ ಎಣ್ಣೆ ಅಂತ ಬೋರ್ಡು. ನಂಬಬಹುದಾ? ಮೋಸ ಅಂದರೆ ಕೇಸ್ ಹಾಕಬಹುದಾ?
— ಬಾಣಸವಾಡಿ, ಬೆಂಗಳೂರು

ಉತ್ತರ: ನಿಮ್ಮ ಕೈಯಲ್ಲೇ ಒಂದು ಲೆಕ್ಕ ಇದೆ. ಒಂದು ಲೀಟರ್ ಕಡಲೆಕಾಯಿ ಎಣ್ಣೆ ಗಾಣದಲ್ಲಿ ಬರಬೇಕಾದರೆ ಸುಮಾರು ಎರಡೂವರೆ ಕೆ.ಜಿ. ಬೀಜ ಬೇಕು. ಇವತ್ತಿನ ಬೀಜದ ರೇಟಿಗೆ ಗುಣಿಸಿ. ಹಿಂಡಿ ಮಾರಿದ ದುಡ್ಡು ಸ್ವಲ್ಪ ವಾಪಸ್ ಬರುತ್ತದೆ, ಅದನ್ನು ಕಳೆಯಿರಿ. ಬಂದ ಮೊತ್ತಕ್ಕಿಂತಲೂ ಕಡಿಮೆಗೆ ಎಣ್ಣೆ ಮಾರುತ್ತಿದ್ದಾರೆ ಅಂದರೆ ಬೀಜ ಬಿಟ್ಟು ಬೇರೆ ಏನೋ ಅದರಲ್ಲಿದೆ. ಅದು ದೂರು ಕೊಡುವುದಕ್ಕೆ ಒಳ್ಳೆಯ ಕಾರಣ. ಗಾಣದವರಿಗೂ ಲೈಸೆನ್ಸ್ ಅಥವಾ ನೋಂದಣಿ ಇರಲೇಬೇಕು, ಬಾಟಲಿ ಮೇಲೆ ಲೇಬಲ್ ಇರಲೇಬೇಕು. ದುಡ್ಡು ವಾಪಸ್, ಪರಿಹಾರ ಬೇಕೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ.

ನಮ್ಮಮ್ಮ ಮಾಡುತ್ತಿದ್ದದ್ದು ಇನ್ನೂ ಸುಲಭ. ಬೀಜ ತಾವೇ ಕೊಂಡು, ಆರಿಸಿ, ಒಣಗಿಸಿ ಗಾಣಕ್ಕೆ ಒಯ್ಯುತ್ತಿದ್ದರು. ಎಣ್ಣೆ ಇಳಿಯುವವರೆಗೆ ಕಲ್ಲಿನ ಮೇಲೆ ಕೂತಿರುತ್ತಿದ್ದರು. ಬರುವಾಗ ಒಂದು ಕೈಯಲ್ಲಿ ಎಣ್ಣೆ ಕ್ಯಾನು, ಇನ್ನೊಂದರಲ್ಲಿ ಹಸುವಿಗೆ ಹಿಂಡಿ. ಬೀಜ ತಂದುಕೊಟ್ಟರೆ ಕಣ್ಣೆದುರಿಗೆ ಆಡಿಸಿಕೊಡುವ ಗಾಣ ನಿಮ್ಮ ಹತ್ತಿರ ಇದೆಯಾ ವಿಚಾರಿಸಿ. ಹೋಗುವಾಗ ಪಾತ್ರೆ ಚೆನ್ನಾಗಿ ಒಣಗಿಸಿಕೊಂಡು ಹೋಗಿ.